ಮೊಳಕಾಲ್ಮೂರಿನ ಶಾಸಕರು, ದೆಹಲಿಯ ಲಕೋಟೆ

1957ರ ಮಹಾಚುನಾವಣೆಯಲ್ಲಿ ಮೊಳಕಾಲ್ಮೂರಿನ ಮತದಾರರು ವಿಧಾನಸಭೆಗೆ ಗೆಲ್ಲಿಸಿ ಕಳಿಸಿದ ಅಭ್ಯರ್ಥಿ ಆಗಲೇ ರಾಜ್ಯದ ಮುಖ್ಯಮಂತ್ರಿ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಕೂಡಿಕೊಂಡ 1956ರ ನವೆಂಬರ್ 1ರಂದೇ ಎಸ್. ನಿಜಲಿಂಗಪ್ಪನವರು ಆ ಪದವಿಯಲ್ಲಿ ಕುಳಿತಿದ್ದರು. ಮಳೆ ಕೈಕೊಟ್ಟರೆ ವೇದಾವತಿಯೂ ಮರಳಾಗುವ ಸೀಮೆ ಇದು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗ, ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಗಾಣ, ಹಟ್ಟಿಹಟ್ಟಿಗಳಲ್ಲಿ ಕುರಿ ಮತ್ತು ಕಂಬಳಿ, ಮ್ಯಾಸಬೇಡರ ಗುಡಿಕಟ್ಟುಗಳಲ್ಲಿ ದೇವರ ಎತ್ತುಗಳು. ಇಂಥ ಒಣನೆಲದ ಜನ ನಾಡಿನ ದೊರೆತನಕ್ಕೆ ಒಬ್ಬರನ್ನು ಕೊಟ್ಟೆವೆಂದು ಹೆಮ್ಮೆಪಟ್ಟಿದ್ದರೆ ಅದಕ್ಕೆ ಕಾರಣವಿತ್ತು.

ನಿಜಲಿಂಗಪ್ಪನವರು ಇಲ್ಲಿಗೆ ಹೊರಗಿನವರಲ್ಲ. ಹುಟ್ಟಿದ್ದು 1902ರಲ್ಲಿ, ತುಂಗಭದ್ರೆಯ ಕಡೆಯ ಹಲುವಾಗಲಿನಲ್ಲಾದರೂ ವಕೀಲಿ ಹಿಡಿದದ್ದು ಚಿತ್ರದುರ್ಗದಲ್ಲಿ. 1939ರಲ್ಲಿ ತುರುವನೂರಿನ ಬಯಲಲ್ಲಿ ಸರ್ಕಾರದ ಈಚಲು ಮರಗಳಿಗೆ ಕೊಡಲಿ ಬಿದ್ದಾಗ ಆ ಅರಣ್ಯ ಸತ್ಯಾಗ್ರಹದ ಮುಂಚೂಣಿಯಲ್ಲಿ ಇದ್ದವರು. ಅದಕ್ಕಾಗಿ ಜೈಲು ಕಂಡವರು. ಆ ಕಾಲದ ಕಾಂಗ್ರೆಸ್ಸಿನಲ್ಲಿ ಮುಂದಾಳು ಎನಿಸಿಕೊಳ್ಳಲು ಬೇಕಾಗಿದ್ದ ಅರ್ಹತೆ ಅದೇ. ಹಣ ಕೊಡುವ ಮಾತಿರಲಿ, ಇದ್ದ ಆದಾಯವನ್ನೂ ಬಿಡಬೇಕಿತ್ತು.

ಸ್ವಾತಂತ್ರ್ಯ ತಂದ ಪಕ್ಷವೊಂದು ಆಳುವ ಪಕ್ಷವಾಗಿ ಕುಳಿತ ಮೇಲೆ ಅದರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಗದ್ದುಗೆಯ ಮುಂದಿನ ವಾರಸುದಾರ ಯಾರೆಂದು ತೀರ್ಮಾನಿಸುವವರು ಯಾರು? ಕಾಂಗ್ರೆಸ್ಸಿನ ಶೀಲ ಕೆಟ್ಟ ಕಥೆಯನ್ನು ಹಣದಿಂದ ಆರಂಭಿಸಿ ಹೇಳುವವರು ಬಹಳ. ಕೆಡುಕು ಮೊದಲು ಹೊಕ್ಕದ್ದು ಈ ಪ್ರಶ್ನೆಯ ಬಾಗಿಲಿನಿಂದ, ಹಣ ಅದರ ಬೆನ್ನಿಗೆ ಬಂತು ಎಂಬುದು ನನ್ನ ನಂಬಿಕೆ. ಅದಕ್ಕೆ ನಿಜಲಿಂಗಪ್ಪನವರ ಬಾಳಿಗಿಂತ ಸ್ಪಷ್ಟವಾದ ಸಾಕ್ಷ್ಯ ನಮ್ಮ ನಾಡಿನಲ್ಲಿ ಸಿಗದು. ಅವರು ಆ ಬಾಗಿಲ ಎರಡೂ ಬದಿಗಳಲ್ಲಿ ನಿಂತವರು.

ಮೊದಮೊದಲು ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲೇ ಸಿಗುತ್ತಿತ್ತು. 1956ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಶಾಸಕರ ವಿಶ್ವಾಸ ಕಳೆದುಕೊಂಡು ಇಳಿದರು. ಅವರು ಕಟ್ಟಿಸಿದ ವಿಧಾನಸೌಧದಲ್ಲಿ ಆಳುವ ಭಾಗ್ಯ ಅವರಿಗೆ ಬರಲಿಲ್ಲ. ಕಡಿದಾಳ್ ಮಂಜಪ್ಪನವರು ಏಕೀಕರಣದ ಹಿಂದಿನ ದಿನದವರೆಗೆ ರಾಜ್ಯವನ್ನು ನಡೆಸಿ ನಿಜಲಿಂಗಪ್ಪನವರಿಗೆ ಒಪ್ಪಿಸಿದರು. ಎರಡು ವರ್ಷ ತುಂಬುವ ಮೊದಲೇ ಭಿನ್ನಮತ ಅವರನ್ನೂ ಇಳಿಸಿತು. 1958ರ ಮೇ ತಿಂಗಳಲ್ಲಿ ಜಮಖಂಡಿಯ ಬಿ. ಡಿ. ಜತ್ತಿ ಬಂದರು. ಗುಂಪುಗಾರಿಕೆ ಇತ್ತು, ಜಾತಿಯ ಲೆಕ್ಕ ಇತ್ತು, ಮನಸ್ತಾಪ ಬೇಕಾದಷ್ಟಿತ್ತು. ಆದರೂ ಕೊನೆಯ ಮಾತು ಶಾಸಕಾಂಗ ಪಕ್ಷದ್ದಾಗಿತ್ತು. ಸೋತವರಿಗೆ ತಾವು ಯಾರಿಂದ ಸೋತೆವೆಂದು ಗೊತ್ತಿರುತ್ತಿತ್ತು. ಮರುದಿನ ಅದೇ ಮೊಗಸಾಲೆಯಲ್ಲಿ ಅವರ ಮುಖ ನೋಡಿ ಮಾತಾಡಬಹುದಿತ್ತು.

1962ರಲ್ಲಿ ನಡೆದದ್ದು ಇನ್ನೂ ಅಪರೂಪ. ಕಾಂಗ್ರೆಸ್ ಬಹುಮತ ಪಡೆಯಿತು, ನಿಜಲಿಂಗಪ್ಪನವರು ಮಾತ್ರ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರ ಎದುರು ಸೋತರು. ಆಗ ಹುನಗುಂದದ ಎಸ್. ಆರ್. ಕಂಠಿ ಮುಖ್ಯಮಂತ್ರಿಯಾದರು. ಮಾರ್ಚ್ 14ರಿಂದ ಜೂನ್ 20ರವರೆಗೆ ಆಳಿ, ಬಾಗಲಕೋಟೆಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅವಿರೋಧವಾಗಿ ಗೆದ್ದು ಬಂದೊಡನೆ ಪದವಿಯನ್ನು ಅವರ ಕೈಗಿಟ್ಟು ಸರಿದು ನಿಂತರು. ಜನ ಕಂಠಿಯವರನ್ನು ಭರತನಿಗೆ ಹೋಲಿಸಿದರು. ಹೋಲಿಕೆ ಚೆನ್ನಾಗಿದೆ, ಕಂಠಿಯವರ ಸಜ್ಜನಿಕೆ ಅದಕ್ಕೆ ತಕ್ಕುದೂ ಹೌದು. ಆದರೆ ಮತದಾರರಿಂದ ಸೋತವರೊಬ್ಬರಿಗಾಗಿ ಗದ್ದುಗೆಯನ್ನು ಕಾದಿರಿಸಬಹುದೆಂಬ ಅಭ್ಯಾಸಕ್ಕೆ ಅಡಿಗಲ್ಲು ಬಿದ್ದದ್ದೂ ಆಗಲೇ. ಒಳ್ಳೆಯವರು ಒಳ್ಳೆಯವರಿಗೆ ಮಾಡಿಕೊಟ್ಟ ಅನುಕೂಲ ಅದು. ಬೇರೆಯವರು ಬಳಸಿಕೊಳ್ಳುವ ದಿನ ದೂರವಿರಲಿಲ್ಲ.

ದೆಹಲಿಯಲ್ಲೂ ಅದೇ ಹೊತ್ತಿಗೆ ಇಂಥದೇ ಅಭ್ಯಾಸ ಬೇರುಬಿಡುತ್ತಿತ್ತು. 1963ರ ಅಕ್ಟೋಬರ್‌ನಲ್ಲಿ ತಿರುಪತಿಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಹಾಗೂ ನಿಜಲಿಂಗಪ್ಪ ಕಲೆತು ನೆಹರೂ ನಂತರದ ದಿನಗಳ ಬಗ್ಗೆ ಮಾತಾಡಿಕೊಂಡರು. ಮುಂಬಯಿಯ ಎಸ್. ಕೆ. ಪಾಟೀಲರನ್ನೂ ಸೇರಿಸಿ ಪತ್ರಿಕೆಗಳು ಈ ಬಳಗವನ್ನು ಸಿಂಡಿಕೇಟ್ ಎಂದು ಕರೆದವು. 1964ರಲ್ಲಿ ಶಾಸ್ತ್ರಿಯವರ ಆಯ್ಕೆ ಮತದಾನವಿಲ್ಲದೆ, ಕಾಮರಾಜರು ಸಂಸದರ ಮನಸ್ಸು ತಿಳಿದು ಹೇಳಿದ ಸರ್ವಾನುಮತದಿಂದ ನಡೆಯಿತು. 1966ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಪಟ್ಟುಹಿಡಿದು ಮತಕ್ಕೆ ಹಾಕಿಸಿದರು; ಇಂದಿರಾ ಗಾಂಧಿಯವರಿಗೆ 355, ಅವರಿಗೆ 169. ಇಂದಿರಾ ತಮ್ಮ ಮಾತು ಕೇಳಿಕೊಂಡಿರುತ್ತಾರೆ ಎಂದು ಹಿರಿಯರು ಎಣಿಸಿದ್ದರು. ಅಷ್ಟು ಅನುಭವಿಗಳು ಅಷ್ಟು ತಪ್ಪಾಗಿ ಎಣಿಸಿದ್ದು ನಮ್ಮ ಇತಿಹಾಸದಲ್ಲಿ ವಿರಳ.

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನ ವೀರೇಂದ್ರ ಪಾಟೀಲರಿಗೆ ಹೋಯಿತು. ಪಾಟೀಲರೂ ರಾಮಕೃಷ್ಣ ಹೆಗಡೆಯವರೂ ಗುರುವಿನ ಲವ-ಕುಶರೆಂದು ಹೆಸರಾದರು. ಮರುವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಮಹಾಸಮಿತಿ ನೆರೆಯಿತು. ಪಾರ್ಲಿಮೆಂಟರಿ ಬೋರ್ಡು ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಎಂದು ಸಾರಿತು. ಇಂದಿರಾ ದೆಹಲಿಗೆ ಮರಳಿದವರೇ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂಬ ಕರೆ ಹೊರಟಿತು. ವಿ. ವಿ. ಗಿರಿ ಗೆದ್ದರು.

ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾರ್ಯಸಮಿತಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿತು. ಜನಪ್ರಿಯತೆಯ ಅಲೆಯ ಮೇಲೆ ಬಂದವರು ತಮ್ಮನ್ನೇ ದೇಶವೆಂದು ಭಾವಿಸಿಕೊಂಡರೆ ಪ್ರಜಾಪ್ರಭುತ್ವಕ್ಕೆ ಒದಗುವ ಗಂಡಾಂತರದ ಬಗ್ಗೆ ಆ ದಿನಗಳಲ್ಲಿ ಅವರು ಬರೆದ ಪತ್ರ ಮುಂದಾಗುವುದನ್ನು ಬಲ್ಲಂತಿತ್ತು. ಆದರೆ ಆ ಮಾತು ಕೇಳಿಸಿಕೊಳ್ಳುವವರು ಇರಲಿಲ್ಲ. ಲೋಕಸಭೆಯ ಕಾಂಗ್ರೆಸ್ ಸದಸ್ಯರಲ್ಲಿ 220 ಮಂದಿ ಇಂದಿರಾ ಜೊತೆ ನಡೆದರು, 68 ಮಂದಿ ಹಿರಿಯರೊಡನೆ ಉಳಿದರು. ಚಿತ್ರದುರ್ಗದ ವಕೀಲರು ನಿಯಮದಲ್ಲಿ ಸರಿಯಾಗಿದ್ದರು. ನಿಯಮವನ್ನು ಮುಚ್ಚಿದ ಕೋಣೆಯಲ್ಲಿ ಬಳಸುತ್ತ ಬಂದಿದ್ದರಿಂದ ಬಯಲಿಗೆ ಬಂದಾಗ ಅವರ ಬೆನ್ನಿಗೆ ಜನ ಇರಲಿಲ್ಲ. ಅವರ ಕೈ ಶುದ್ಧವಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಶುದ್ಧ ಕೈಗಳೇ ಆ ಬಾಗಿಲನ್ನು ತೆರೆದವು ಎನ್ನುವುದು ನೋವಿನ ಮಾತು, ಆದರೂ ಬರೆಯಬೇಕಾದ ಮಾತು.

1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಬೆಂಗಳೂರಿನಲ್ಲಿ ಶಾಸಕರು ದಿನಬೆಳಗಾಗುವುದರಲ್ಲಿ ಪಾಳೆಯ ಬದಲಿಸಿದರು, ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. ಒಂದು ವರ್ಷದ ರಾಷ್ಟ್ರಪತಿ ಆಳ್ವಿಕೆಯ ನಂತರ 1972ರ ಮಾರ್ಚ್‌ನಲ್ಲಿ ದೇವರಾಜ ಅರಸು ಬಂದರು.

ಅರಸರ ಕಾಲವನ್ನು ಒಂದೇ ಬಣ್ಣದಲ್ಲಿ ಬರೆಯಲು ಈ ಸೀಮೆಯವರಿಗೆ ಸಾಧ್ಯವಿಲ್ಲ. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರ ಆಯೋಗ 1975ರಲ್ಲಿ ಕೊಟ್ಟ ವರದಿ, ಉಳುವವನಿಗೆ ನೆಲ ಕೊಟ್ಟ 1974ರ ಕಾಯ್ದೆ, ಅದುವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದಿದ್ದ ಜಾತಿಗಳಿಗೆ ಸಿಕ್ಕ ಟಿಕೆಟ್ಟು, ಇವೆಲ್ಲ ಬೇಡರು, ಗೊಲ್ಲರು, ಕುರುಬರು, ಮಾದಿಗರು ತುಂಬಿರುವ ನಾಡಿನಲ್ಲಿ ಮಾತಿನ ಮಂಟಪಗಳಲ್ಲ. ಒಂದು ಗೊತ್ತಾದ ವರ್ಗದ ಕೈಯಲ್ಲಿದ್ದ ಅಧಿಕಾರ ಅವರಿಂದ ಬಿಡುಗಡೆಯಾಯಿತು. ಆದರೆ ಅರಸರ ಬೇರು ಶಾಸಕಾಂಗ ಪಕ್ಷದಲ್ಲಿರಲಿಲ್ಲ, ದೆಹಲಿಯ ಕೃಪೆಯಲ್ಲಿತ್ತು. ಕೃಪೆ ಯಾವಾಗ ತಪ್ಪೀತೋ ಎಂದು ಬಲ್ಲ ಮುಖ್ಯಮಂತ್ರಿ ಇತ್ತ ಶಾಸಕರನ್ನು ಸಂತೈಸಬೇಕು, ಅತ್ತ ಪಾರ್ಟಿ ಫಂಡು ಕಳಿಸುತ್ತಿರಬೇಕು. ಶಾಸಕರನ್ನು ಹಣದಿಂದ ಹಿಡಿದಿಡುವ ಪದ್ಧತಿ ಆಗ ನೆಲೆಗೊಂಡಿತೆಂದು ಆ ಕಾಲವನ್ನು ಅಭ್ಯಸಿಸಿದವರು ಬರೆದಿದ್ದಾರೆ.

1977ರಲ್ಲಿ ಜನತಾ ಸರ್ಕಾರ ದೆಹಲಿಗೆ ಬಂದಾಗ ಆರೋಪಗಳು ಕಡತವಾದವು. ಮೇ 18ರಂದು ರಾಜ್ಯ ಸರ್ಕಾರ ತಾನೇ ನಿವೃತ್ತ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನ್ ಅವರ ಆಯೋಗ ರಚಿಸಿತು. ಐದೇ ದಿನಗಳಲ್ಲಿ ಕೇಂದ್ರ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ರಾಜ್ಯದ ಮುಖ್ಯಮಂತ್ರಿಯನ್ನು ವಿಚಾರಿಸುವ ಅಧಿಕಾರ ಕೇಂದ್ರಕ್ಕಿದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು. ನವೆಂಬರ್ 8ರಂದು ಕರ್ನಾಟಕದ ದಾವೆ ವಜಾ ಆಯಿತು. ಡಿಸೆಂಬರ್ 31ರಂದು ಸರ್ಕಾರವೂ ವಜಾ. ಗ್ರೋವರ್ ಆಯೋಗ ಮುಂದೆ ಕೆಲವು ಆರೋಪಗಳಲ್ಲಿ ಹುರುಳಿದೆ ಎಂದಿತು. ಆದರೆ 1978ರ ಫೆಬ್ರವರಿಯಲ್ಲಿ ಜನ ಮತ ಹಾಕಿದಾಗ 224ರಲ್ಲಿ 149 ಸ್ಥಾನ ಅರಸರ ಪಕ್ಷಕ್ಕೆ. ಬಡವರಿಗೆ ನ್ಯಾಯ ಕೊಟ್ಟವನ ತಪ್ಪನ್ನು ಬಡವರು ಮನ್ನಿಸಿದರು. ಅದರಲ್ಲಿ ಅವರ ವಿವೇಕವನ್ನೂ ಕಾಣುತ್ತೇನೆ, ಮುಂದೆ ಬಂದ ಕೆಲವರು ನ್ಯಾಯ ಕೊಡದೆಯೇ ಅದೇ ಮನ್ನಣೆ ಬಯಸಿದ್ದನ್ನೂ ಕಾಣುತ್ತೇನೆ.

ವಿಚಾರಣೆ ಮಾಡಲಾಗದ್ದನ್ನು ಉತ್ತರಾಧಿಕಾರದ ಜಗಳ ಮಾಡಿತು. 1979ರಲ್ಲಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷತೆ ಯಾರ ಬಳಿ ಇರಬೇಕೆಂಬ ನೆಪದಿಂದ ಅರಸು ಮತ್ತು ಇಂದಿರಾ ಬೇರೆಯಾದರು. ಆಗ ಬಹುಪಾಲು ಶಾಸಕರು ಅರಸರ ಕಡೆಗೇ ಇದ್ದರು. 1980ರ ಜನವರಿಯಲ್ಲಿ ಇಂದಿರಾ ಕರ್ನಾಟಕದ 28ರಲ್ಲಿ 27 ಲೋಕಸಭಾ ಸ್ಥಾನ ಗೆದ್ದ ಸುದ್ದಿ ಬಂದೊಡನೆ ಆ ಶಾಸಕರು ಕರಗಿ ಆಚೆ ಹರಿದರು. ಅರಸು ರಾಜೀನಾಮೆ ಕೊಟ್ಟರು. ಗುಂಡೂರಾವ್ ಪ್ರಮಾಣವಚನ ಸ್ವೀಕರಿಸಿದರು. ಅರಸು 1982ರ ಜೂನ್‌ನಲ್ಲಿ ತೀರಿಕೊಂಡರು.

ಇದು ನಮ್ಮೊಬ್ಬರ ಪಾಡಲ್ಲ. ಗಾಂಧೀಜಿ ಸತ್ಯಾಗ್ರಹ ಕಲಿತ ದಕ್ಷಿಣ ಆಫ್ರಿಕಾದಲ್ಲಿ 1912ರಲ್ಲಿ ಹುಟ್ಟಿದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 1994ರಲ್ಲಿ ಆಳುವ ಪಕ್ಷವಾಯಿತು. 2007ರಲ್ಲಿ ಪೊಲೊಕ್ವಾನೆಯ ಅಧಿವೇಶನದಲ್ಲಿ ಜೇಕಬ್ ಜುಮಾ ಥಾಬೊ ಎಂಬೆಕಿಯವರನ್ನು ಸೋಲಿಸಿದರು; ಮರುವರ್ಷ ಪಕ್ಷ ಎಂಬೆಕಿಯವರನ್ನು ರಾಷ್ಟ್ರಾಧ್ಯಕ್ಷ ಪದವಿಯಿಂದ ಇಳಿಸಿತು. ಸಹಾರನ್‌ಪುರದಿಂದ ಅಲ್ಲಿಗೆ ಹೋದ ಗುಪ್ತಾ ಸಹೋದರರು ಜುಮಾ ಕಾಲದಲ್ಲಿ ಮಂತ್ರಿಗಳ ನೇಮಕದವರೆಗೆ ಕೈ ಚಾಚಿದರೆಂಬುದು ಜೊಂಡೊ ಆಯೋಗದ ಮುಂದೆ ಬಂದ ಸಾಕ್ಷ್ಯ. 2017ರಲ್ಲಿ ಸಿರಿಲ್ ರಾಮಫೋಸಾ ಪಕ್ಷದ ನಾಯಕತ್ವ ಗೆದ್ದದ್ದು ಕೇವಲ 179 ಮತಗಳಿಂದ. ಅಲ್ಲಿ ಕೊನೆಗೂ ಪ್ರತಿನಿಧಿಗಳ ಮತ ಎಣಿಕೆಯಾಯಿತು. ಎಣಿಕೆ ಇದ್ದ ಮಾತ್ರಕ್ಕೆ ಹಣ ಹೊರಗುಳಿಯಲಿಲ್ಲ ನಿಜ. ಆದರೂ ಇಳಿಸಿದವರು ಯಾರೆಂದು ಊರಿಗೆಲ್ಲ ಕಾಣುತ್ತಿತ್ತು.

ತೀರ್ಮಾನ ದೂರದಲ್ಲಾದರೆ ನೆಲಕ್ಕೆ ಏನಾಗುತ್ತದೆಂಬುದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿಗೆ ಗೊತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎನಿಸಿ ಚಳ್ಳಕೆರೆಯ ಕಾವಲುಗಳನ್ನು ದನಗಳ ಹುಲ್ಲಿಗೆಂದು ಕಾಪಾಡಿಕೊಂಡಿತ್ತು. ಈ ಶತಮಾನದ ಮೊದಲ ದಶಕದ ಕೊನೆಗೆ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರಿಗೆ ಅದು ತಿಳಿದದ್ದು ಗೋಡೆ ಎದ್ದ ಮೇಲೆ. ದೇಶಕ್ಕೆ ಆ ಸಂಸ್ಥೆಗಳು ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೇಳಬೇಕಾದವರನ್ನು ಕೇಳದೆ ಮುಗಿಸಿಬಿಡುವ ರೂಢಿಯನ್ನು ಪಕ್ಷಗಳು ಮೊದಲು ತಮ್ಮ ಮನೆಯೊಳಗೆ ಕಲಿತವು, ಆಮೇಲೆ ಊರಿಗೂ ತಂದವು.

ಇನ್ನು ಲವ-ಕುಶರಲ್ಲಿ ಒಬ್ಬರ ಕಥೆ. ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧ ನಿಂತು ಸೋತರು; ಮುಂದೆ ಅವರದೇ ಪಕ್ಷಕ್ಕೆ ಮರಳಿದರು. 1989ರಲ್ಲಿ ಅವರ ಮುಂದಾಳ್ತನದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು, ಪಾಟೀಲರು ಮುಖ್ಯಮಂತ್ರಿಯಾದರು. 1990ರ ಅಕ್ಟೋಬರ್‌ನಲ್ಲಿ ಅವರು ಕಾಯಿಲೆ ಬಿದ್ದಿದ್ದರು. ರಾಜ್ಯದಲ್ಲಿ ಕೋಮುಗಲಭೆ ಹೊತ್ತಿತ್ತು. ರಾಜೀವ್ ಗಾಂಧಿ ಬೆಂಗಳೂರಿಗೆ ಬಂದು, ನೋಡಿ, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾಗುತ್ತದೆಂದು ಪತ್ರಕರ್ತರಿಗೆ ಹೇಳಿದರು. 178 ಶಾಸಕರು ಅದನ್ನು ಪತ್ರಿಕೆಯಲ್ಲಿ ಓದಿದರು. ಪಾಟೀಲರು ಸುಲಭವಾಗಿ ಒಪ್ಪಲಿಲ್ಲ, ಒಂದು ವಾರ ರಾಷ್ಟ್ರಪತಿ ಆಳ್ವಿಕೆಯೂ ಬಂತು. ಅಕ್ಟೋಬರ್ 17ರಂದು ಎಸ್. ಬಂಗಾರಪ್ಪ ಅಧಿಕಾರಕ್ಕೆ ಬಂದರು. 1992ರ ನವೆಂಬರ್‌ನಲ್ಲಿ ದೆಹಲಿ ಅವರನ್ನೂ ಇಳಿಸಿ ವೀರಪ್ಪ ಮೊಯಿಲಿಯವರನ್ನು ಕೂರಿಸಿತು. ಸೀಲು ಹಾಕಿದ ಲಕೋಟೆಯೊಂದಿಗೆ ವೀಕ್ಷಕರು ಬರುವುದು, ಶಾಸಕರು ಒಂದೇ ಸಾಲಿನ ನಿರ್ಣಯಕ್ಕೆ ಸಹಿ ಹಾಕಿ ಅಧಿಕಾರವನ್ನು ಹೈಕಮಾಂಡಿಗೆ ಒಪ್ಪಿಸುವುದು ನಾಡಿಗೆ ಬೇಸರವನ್ನೂ ತರದಷ್ಟು ರೂಢಿಯಾಯಿತು.

ತೊಂಬತ್ತರ ಹೊಸ್ತಿಲಲ್ಲಿದ್ದ ನಿಜಲಿಂಗಪ್ಪನವರು ಚಿತ್ರದುರ್ಗದ ತಮ್ಮ ಮನೆಯಲ್ಲಿ ಕುಳಿತು ಇದನ್ನೆಲ್ಲ ನೋಡಿದರು. 1994ರಲ್ಲಿ ವಿಧಾನಸಭೆಗೆ ಚುನಾವಣೆ ನಡೆಯಿತು. ಐದು ವರ್ಷಗಳಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕೊಟ್ಟ ಪಕ್ಷದ 178 ಸ್ಥಾನಗಳಲ್ಲಿ ಉಳಿದದ್ದು 34.