ಜಿಪ್ ಎಲ್ಲಿರಬೇಕು? ನೀರಿಗಿಳಿಯುವ ಉಡುಪಿನ ಚರಿತ್ರೆ

ಕೃಷ್ಣಾ ನದಿ ಕರ್ನಾಟಕ ಬಿಟ್ಟು ತೆಲಂಗಾಣ ಸೇರುವುದು ನಾರಾಯಣಪೇಟೆ ಜಿಲ್ಲೆಯ ತಂಗಡಿಯ ಬಳಿ. ಭೀಮಾ ಬಂದು ಕೂಡುವುದೂ ಅಲ್ಲೇ. ಮಕ್ತಲ್ ಸೀಮೆ ದಾಟಿ, ಜುರಾಲ ಅಣೆಕಟ್ಟಿನಲ್ಲಿ ನಿಂತು, ನದಿ ಗದ್ವಾಲದ ಕಡೆಗೆ ಸಾಗುತ್ತದೆ. ಗದ್ವಾಲ ತಾಲೂಕು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಗಡಿ ಬದಲಾದರೂ ಈ ಸೀಮೆಯಲ್ಲಿ ಕನ್ನಡ ಇಂದಿಗೂ ಕೇಳಿಸುತ್ತದೆ.

ಸೇತುವೆಗಳಿಲ್ಲದ ಕಾಲದಲ್ಲಿ ಈ ಹೊಳೆ ದಾಟುವವರಿಗೆ ಹರಿಗೋಲೇ ಗತಿ. ಈಜುವವರು ಒಣಗಿದ ಸೋರೆಬುರುಡೆಯನ್ನು ಮೈಗೆ ಕಟ್ಟಿಕೊಳ್ಳುತ್ತಿದ್ದರು. ಇದು ಬರೀ ಹಳೆಯ ಕಥೆಯಲ್ಲ. 2014ರಲ್ಲಿ ಯಾದಗಿರಿ ಜಿಲ್ಲೆಯ ನಡುಗಡ್ಡೆಯೊಂದರ ತುಂಬು ಗರ್ಭಿಣಿ, ಹೆರಿಗೆಗಾಗಿ ಸೋರೆಬುರುಡೆ ಕಟ್ಟಿಕೊಂಡು ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬುರುಡೆಯೊಳಗೆ ಸೆರೆಸಿಕ್ಕ ಗಾಳಿಯೇ ಆಕೆಯನ್ನು ತೇಲಿಸಿದ್ದು. ಇಂದು ಮುಳುಗುಗಾರರು ತೊಡುವ ವೆಟ್‌ಸೂಟ್ ಕೆಲಸ ಮಾಡುವುದೂ ಸೆರೆಸಿಕ್ಕ ಗಾಳಿಯಿಂದಲೇ.

ಗದ್ವಾಲ ನಮಗೆ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿಯ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯದು. ಒಡಲಿನ ಹೊಕ್ಕಿನ ಎಳೆಯನ್ನೂ ಅಂಚಿನ ಎಳೆಯನ್ನೂ ಮಗ್ಗದಲ್ಲೇ ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ, ಸೂಜಿಯಿಂದ ಹೊಲಿಯುವುದಿಲ್ಲ. ನಮ್ಮ ಇಳಕಲ್ ಸೀರೆಯಲ್ಲೂ ಸೆರಗನ್ನು ಒಡಲಿಗೆ ಜೋಡಿಸುವುದು ಹೀಗೆಯೇ, ಎಳೆಗೆ ಎಳೆ ಕೊಂಡಿ ಹಾಕಿ. ಬಟ್ಟೆ ಸೋಲುವುದು ಕೂಡಿದ ಜಾಗದಲ್ಲಿ ಎಂಬುದನ್ನು ನೇಕಾರರು ಎಂದೋ ಅರಿತಿದ್ದರು. ವೆಟ್‌ಸೂಟಿನ ವಿಷಯದಲ್ಲೂ ಅದೇ ಮಾತು. ಅದರ ಜಿಪ್ ಎಲ್ಲಿರಬೇಕು ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ.

ಜಿಪ್ ಹುಟ್ಟಿದ್ದು ಬಟ್ಟೆಗಿಂತ ಮೊದಲು ಪಾದರಕ್ಷೆಗಾಗಿ. 1893ರಲ್ಲಿ ಅಮೆರಿಕದ ವಿಟ್‌ಕಂಬ್ ಜಡ್ಸನ್ ಬೂಟು ಮುಚ್ಚುವ ಕೊಂಡಿಸಾಲಿಗೆ ಪೇಟೆಂಟ್ ಪಡೆದರು. ಆದರೆ ಅದು ಸರಾಗವಾಗಿ ಓಡಲಿಲ್ಲ. ಸ್ವೀಡನ್ ಮೂಲದ ಇಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ 1913ರ ಹೊತ್ತಿಗೆ ಹಲ್ಲಿಗೆ ಹಲ್ಲು ಕೂಡುವ ಇಂದಿನ ಮಾದರಿಯನ್ನು ರೂಪಿಸಿದರು. 1923ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿ ಅದನ್ನು ತನ್ನ ರಬ್ಬರ್ ಮೇಲ್ಬೂಟಿಗೆ ಹಾಕಿತು. ಝಿಪ್ ಎಂಬ ಸದ್ದಿನಿಂದ ಅದಕ್ಕೆ ಹೆಸರೂ ಬಂತು. ಹೀಗೆ ಜಿಪ್ ಹೆಸರು ಪಡೆದದ್ದೇ ಕೆಸರು-ನೀರಿನ ಬೂಟಿನಿಂದ.

1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರಿನ್ ಎಂಬ ನೊರೆರಬ್ಬರಿನ ಉಡುಪಿನ ಯೋಚನೆ ಮಂಡಿಸಿದರು. ಮುಳುಗುಗಾರ ಒಣಗಿರಬೇಕಾದ ಅಗತ್ಯವೇ ಇಲ್ಲ, ರಬ್ಬರಿನೊಳಗಿನ ಅನಿಲದ ಗುಳ್ಳೆಗಳು ಮೈಶಾಖವನ್ನು ಹೊರಬಿಡದಿದ್ದರೆ ಸಾಕು ಎಂಬುದು ಅವರ ಹೊಳಹು. ಒಳಸೇರಿದ ತೆಳು ನೀರು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಆದರೆ ಆ ನೀರು ಅಲ್ಲೇ ನಿಲ್ಲಬೇಕು. ತಣ್ಣೀರು ಒಳಹೋಗಿ ಹೊರಬರುತ್ತಿದ್ದರೆ ಶಾಖವೂ ಹೋಗುತ್ತದೆ. ಜಿಪ್ಪಿನ ಹಲ್ಲುಗಳ ನಡುವೆ ನುಸುಳುವುದು ಈ ನೀರೇ.

ಮೊದಲಿನ ಉಡುಪುಗಳು ಪ್ಯಾಂಟು-ಜಾಕೆಟ್ ಎಂದು ಎರಡು ತುಂಡಾಗಿದ್ದವು, ಜಾಕೆಟ್ಟಿಗೆ ಎದೆಯ ಮೇಲೆ ಉದ್ದ ಜಿಪ್. ಒಳಗೆ ನೈಲಾನ್ ಪದರವಿಲ್ಲದ ರಬ್ಬರು ಬೇಗ ಹರಿಯುತ್ತಿತ್ತು, ಪೌಡರ್ ಸುರಿದುಕೊಂಡೇ ತೊಡಬೇಕಿತ್ತು. ಮುಂದೆ ಇಡೀ ಮೈಗೆ ಒಂದೇ ತುಂಡು ಬಂತು. ಆಮೇಲೆ ಜಿಪ್ ಬೆನ್ನಿಗೂ, ಎದೆಯ ಅಡ್ಡಕ್ಕೂ ಸರಿದಾಡಿತು.

ಬೆನ್ನಿನ ಜಿಪ್ಪಿಗೆ ಉದ್ದನೆಯ ದಾರವಿರುತ್ತದೆ. ಅದನ್ನು ಎಳೆದು ಒಬ್ಬರೇ ತೊಡಬಹುದು, ಬೇಗ ಕಳಚಬಹುದು. ಆದರೆ ಬೆನ್ನೆಲುಬಿನ ಉದ್ದಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ, ನೀರೂ ಅಲ್ಲಿಂದ ನುಸುಳುತ್ತದೆ. ಎದೆಯ ಅಡ್ಡ ಜಿಪ್ ಚಿಕ್ಕದು. ಬೆನ್ನು ಸಲೀಸಾಗಿ ಬಾಗುತ್ತದೆ, ನೀರು ಕಡಿಮೆ ಸೇರುತ್ತದೆ, ಆದರೆ ಕೊರಳ ತೂತಿನಿಂದ ಹೆಗಲು ತೂರಿಸುವುದು ಕಷ್ಟ. ಎದೆಯ ಉದ್ದ ಜಿಪ್ ಕೈಗೂ ಕಣ್ಣಿಗೂ ಸಿಗುತ್ತದೆ. ಮಣಿಕಟ್ಟು, ಕಾಲಗಂಟಿನ ಜಿಪ್ಪುಗಳು ತೊಡಲು ಸುಲಭವಾದರೂ ಸೋರುವ ದಾರಿಗಳನ್ನು ಹೆಚ್ಚಿಸುತ್ತವೆ.

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವ ನಮ್ಮ ಮಕ್ಕಳಿಗೆ ಇದರಲ್ಲಿ ಯಾವುದು ಸರಿ? ಅರಬ್ಬಿ ಸಮುದ್ರ ಬೆಚ್ಚಗಿದೆ. 3 ಮಿಲಿಮೀಟರ್ ದಪ್ಪದ ಸೂಟು ಸಾಕು. ಅಲ್ಲಿ ಬೆಚ್ಚಗಿರುವುದಕ್ಕಿಂತ ತಾನೇ ತೊಟ್ಟು ತಾನೇ ಕಳಚುವುದು ಮುಖ್ಯ. ದೋಣಿಯ ಮೇಲೆ ಬಿಸಿಲು ಸುಡುವಾಗ ಬಿಗಿಯಾದ ರಬ್ಬರಿನಿಂದ ಬೇಗ ಬಿಡಿಸಿಕೊಳ್ಳಲು ಆಗಬೇಕು. ಬೆನ್ನಿನ ಜಿಪ್ ಅಥವಾ ಎದೆಯ ಉದ್ದ ಜಿಪ್ ಇಲ್ಲಿ ಸಾಕು. ಕಲಿಕೆಗೆ ಹೊರಡುವ ಹೆಣ್ಣುಮಕ್ಕಳಿಗೆ ಬೇರೆಯವರ ಕೈ ಕಾಯದೆ ಮುಚ್ಚಿಕೊಳ್ಳಬಹುದೆಂಬುದು ಸಣ್ಣ ಮಾತಲ್ಲ. ಪೂರ್ತಿ ಮೈ ಮುಚ್ಚುವ ಸೂಟಿನ ಜೊತೆ ತೆಳುವಾದ ಬಿಗಿ ತಲೆಹೊದಿಕೆ ಧರಿಸಬಹುದು. ಆದರೆ ಅದರ ಅಂಚು ಮುಖವಾಡದ ಕೆಳಗೆ ಸಿಕ್ಕಿದರೆ ನೀರು ಒಳಬರುತ್ತದೆ, ಮುಖವಾಡದ ರಬ್ಬರು ಚರ್ಮದ ಮೇಲೆಯೇ ಕೂರಬೇಕು. ಸಡಿಲ ಬಟ್ಟೆ ಜಿಪ್ಪಿಗೆ ಸಿಗದಂತೆಯೂ ನೋಡಬೇಕು.

ಇದು ಮೋಜಿನ ವಿಷಯ ಮಾತ್ರವಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತ ಮುಳುಗುಗಾರರನ್ನೇ ಹಿಂದಕ್ಕೆ ತಳ್ಳಿತು. ಕೋಝಿಕ್ಕೋಡಿನ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಮಲ್ಪೆಯ ಈಶ್ವರ್ ಅವರಂಥವರು ಕಣ್ಣು ಕಾಣದ ಅಂಥ ಕೆಸರುನೀರಿಗೆ ಇಳಿದವರು. ಅಲ್ಲಿ ಉಡುಪು ಶೋಕಿಯಲ್ಲ, ಮುಳ್ಳು-ಕಬ್ಬಿಣಕ್ಕೂ ಚರ್ಮಕ್ಕೂ ನಡುವೆ ಇರುವುದು ಅದೊಂದೇ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ತೊಟ್ಟು ನೋಡಿ. ಕೂತು, ಬಾಗಿ, ಕೈ ಮೇಲೆತ್ತಿ. ಯಾರ ಸಹಾಯವಿಲ್ಲದೆ ಜಿಪ್ ಎಳೆಯಲು ಆಗುತ್ತದೆಯೇ ನೋಡಿ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಹಲ್ಲಿಗೆ ಮೇಣ ಉಜ್ಜಿ. ಉಪ್ಪು ಕಟ್ಟಿದ ಜಿಪ್ ಮುಂದಿನ ಬಾರಿ ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ.