ಕಂಪ್ಯೂಟರ್ ಅಂದ್ರ ಮೊದಲು ಹೆಣಮಕ್ಕಳು

ಕಂಪ್ಯೂಟರ್ ಅಂದಕೂಡ್ಲೆ ಈಗ ನಮ್ಮ ಕಣ್ಣಮುಂದ ಒಂದು ಡಬ್ಬಿ ಬರ್ತದ. 1940ರ ಸುಮಾರಿಗೆ ಅಮೆರಿಕದಾಗ ಅದು ಒಂದು ನೌಕರಿಯ ಹೆಸರಾಗಿತ್ತು ನೋಡ್ರಿ. ಕೂತು ಲೆಕ್ಕಾ ಮಾಡೋ ಮನಶ್ಯಾಗ ಕಂಪ್ಯೂಟರ್ ಅಂತಿದ್ರು. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ ‘ಮಾನವ ಕಂಪ್ಯೂಟರ್’ ಅಂತ ಕರದಾಗ, ಅವರನ್ನ ಯಂತ್ರಕ್ಕ ಹೋಲಿಸ್ಯಾರ ಅನಸ್ತದ. ಆದ್ರ ಆ ಶಬ್ದನ ಯಂತ್ರ ಮನಶ್ಯಾರ ಕಡಿಂದ ತೊಗೊಂಡದ್ದು.

ಎರಡನೇ ಮಹಾಯುದ್ಧ ನಡದಿತ್ತು. ಹೊಸ ತೋಫು ಬಂತು ಅಂದ್ರ ಅದರ ಜೋಡಿ ಒಂದು ಕೋಷ್ಟಕದ ಪುಸ್ತಕ ಹೋಗಬೇಕಿತ್ತು. ನಳಿಗಿ ಎಷ್ಟು ಎತ್ತಿದ್ರ ಗುಂಡು ಎಲ್ಲಿ ಹೋಗಿ ಬೀಳ್ತದ, ಗಾಳಿ ಬೀಸಿದ್ರ ಎಷ್ಟು ಸರೀತದ, ಎಲ್ಲಾ ಅದರಾಗ ಇರಬೇಕು. ಒಂದು ಗುಂಡಿನ ದಾರಿ ಕೈಲೆ ಲೆಕ್ಕಾ ಹಾಕ್ಲಿಕ್ಕೆ 30-40 ತಾಸು ಹಿಡೀತಿತ್ತು, ಮತ್ತ ಒಂದು ತೋಫಿಗೆ ಇಂಥಾ ದಾರಿ ಸಾವಿರಾರು. ಗಂಡಸ್ರೆಲ್ಲ ಯುದ್ಧಕ್ಕ ಹೋಗಿದ್ರು. ಹಿಂಗಾಗಿ ಫಿಲಡೆಲ್ಫಿಯಾದ ಮೂರ್ ಸ್ಕೂಲಿನಾಗ ಗಣಿತ ಕಲಿತ ಹುಡಿಗ್ಯಾರನ್ನ ಸೈನ್ಯದವರು ಈ ಕೆಲಸಕ್ಕ ತೊಗೊಂಡ್ರು.

ಅವರೊಳಗ ಕೇ ಮೆಕ್‌ನಲ್ಟಿ ಒಬ್ಬಾಕಿ. ಐರ್ಲೆಂಡಿನ ಹಳ್ಳಿಯೊಳಗ ಹುಟ್ಟಿದಾಕಿ, ಮೂರು ವರ್ಷದ ಕೂಸಿದ್ದಾಗ ಅಮೆರಿಕಕ್ಕ ಬಂದಾಗ ಇಂಗ್ಲಿಷಿನ ಒಂದು ಶಬ್ದನೂ ಬರ್ತಿದ್ದಿಲ್ಲ, ಮನಿಮಾತು ಐರಿಷ್. 1942ರಾಗ ಗಣಿತದಾಗ ಪದವಿ ಮುಗಿಸಿ, ಪೇಪರಿನಾಗ ಜಾಹೀರಾತು ನೋಡಿ ಸೇರಿದ್ಲು. ವರ್ಷಕ್ಕ 1620 ಡಾಲರ್ ಪಗಾರ. ಸರಕಾರಿ ದಫ್ತರದಾಗ ಈ ಕೆಲಸಕ್ಕ ‘ಸಬ್‌ಪ್ರೊಫೆಷನಲ್’ ಅಂತ ದರ್ಜೆ ಹಚ್ಚಿದ್ರು, ಅಂದ್ರ ಪೂರ್ತಿ ತಜ್ಞರಲ್ಲ, ಒಂದು ಮೆಟ್ಟಿಲು ಕೆಳಗ. ಗಣಿತದ ಪದವಿ ಪಡದವರಿಗೆ ಈ ಮಾತು! ಪಿಯುಸಿಗೇ ಓದು ನಿಂತ ನನಗೂ ಓದುವಾಗ ಸಿಟ್ಟು ಬಂತು.

ಅದೇ ಕಟ್ಟಡದಾಗ ಮಾಕ್ಲಿ ಮತ್ತ ಎಕರ್ಟ್ ಅನ್ನೋ ಇಬ್ಬರು ಈ ಲೆಕ್ಕಕ್ಕಂತನ ಒಂದು ದೈತ್ಯ ಯಂತ್ರ ಕಟ್ಟಲಿಕ್ಹತ್ತಿದ್ರು. ಎನಿಯಾಕ್ ಅಂತ ಹೆಸರು. ಸುಮಾರು 18000 ನಿರ್ವಾತ ಕೊಳವಿ, 30 ಟನ್ ತೂಕ, ಗ್ವಾಡಿಗುಂಟ ನಿಂತ 40 ಕಪಾಟು. ಸೆಕೆಂಡಿಗೆ 5000 ಸಲ ಕೂಡಿಸ್ತಿತ್ತು. ಅದಕ್ಕ ಲೆಕ್ಕ ಹೇಳಿಕೊಡಲಿಕ್ಕೆ 1945ರಾಗ ಆರು ಮಂದಿ ಕಂಪ್ಯೂಟರ್ ಹುಡಿಗ್ಯಾರನ್ನ ಆರಿಸಿದ್ರು. ಕೇ ಮೆಕ್‌ನಲ್ಟಿ, ಬೆಟ್ಟಿ ಸ್ನೈಡರ್, ಜೀನ್ ಜೆನ್ನಿಂಗ್ಸ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರುತ್ ಲಿಕ್ಟರ್‌ಮನ್. ಹೆಸರು ಪೂರ್ತಿ ಬರದೀನಿ, ಯಾಕಂದ್ರ ಭಾಳ ವರ್ಷ ಯಾರೂ ಬರೀಲಿಲ್ಲ.

ಇಲ್ಲೇ ನೋಡ್ರಿ ಮಜಾ ಇರೂದು. ಅವರಿಗೆ ಕಲಸೋ ಮಾಸ್ತರು ಎಲ್ಲಿಂದ ಬರಬೇಕು? ಆ ವಿದ್ಯಾ ಇನ್ನೂ ಹುಟ್ಟೇ ಇದ್ದಿಲ್ಲ. ಪ್ರೋಗ್ರಾಮಿಂಗ್ ಪುಸ್ತಕ ಇಲ್ಲ, ಭಾಷೆ ಇಲ್ಲ. ಯಂತ್ರದ ಖೋಲಿಯೊಳಗ ಹೋಗಲಿಕ್ಕೆ ಮೊದಲು ಪರವಾನಗಿನೂ ಇದ್ದಿಲ್ಲ, ಗುಪ್ತ ಕೆಲಸ ಅಂತ. ಕೈಯಾಗ ಕೊಟ್ಟದ್ದು ಯಂತ್ರದ ನಕಾಶೆ ಅಷ್ಟ. ಇದು ಹೆಂಗ ನಡೀತದ ನೀವ ಕಂಡುಹಿಡಕೋರಿ ಅಂದಂಗ ಆತು. ಅವರು ಭಾಗ ಭಾಗ ಹಂಚಿಕೊಂಡು ಕೂತ್ರು. ಗೆರಿ ಹಿಡಕೊಂಡು ಹೋದ್ರು, ತಿಳೀಲಿಲ್ಲ ಅಂದ್ರ ಎಂಜಿನಿಯರ್ ಮಂದಿನ್ನ ಕೇಳಿದ್ರು, ತಿಳದದ್ದನ್ನ ಒಬ್ಬರಿಗೊಬ್ಬರು ಕಲಿಸಿದ್ರು.

ನಮ್ಮ ಧಾರವಾಡದ ಕಡೆ ಕಸೂತಿ ಹಾಕೋರಿಗೆ ಈ ಕಷ್ಟ ಲಗೂನ ತಿಳೀತದ. ಬಟ್ಟಿ ಮ್ಯಾಲೆ ಪೆನ್ಸಿಲ್ ಗೆರಿ ಇರೂದಿಲ್ಲ, ಎಳಿ ಎಣಿಸಿ ಎಣಿಸಿ ಹಾಕಬೇಕು. ಗವಂತಿಯೊಳಗ ಹೋಗೋವಾಗ ಬಿಟ್ಟ ಜಾಗಾನ್ನ ಹೊಳ್ಳಿ ಬರೋವಾಗ ತುಂಬಬೇಕು, ಅಂದ್ರ ಸೂಜಿ ಚುಚ್ಚೋಕಿಂತ ಮೊದಲ ಪೂರ್ತಿ ದಾರಿ ತಲಿಯೊಳಗ ಇರಬೇಕು. ಎನಿಯಾಕಿನ ಪ್ರೋಗ್ರಾಂ ಸುಮಾರು ಹಂಗನ. ಇವತ್ತಿನಂಗ ಟೈಪ್ ಮಾಡೂದಲ್ಲ. ಯಾವ ಕಪಾಟಿನಿಂದ ಯಾವುದಕ್ಕ ಕೇಬಲ್ ಎಳೀಬೇಕು, ಸುಮಾರು 3000 ಸ್ವಿಚ್ಚಿನೊಳಗ ಯಾವುದನ್ನ ಎಲ್ಲಿಗೆ ತಿರುವಬೇಕು, ಎಲ್ಲಾ ಮೊದಲ ಹಾಳಿ ಮ್ಯಾಲೆ ಗೊತ್ತುಮಾಡಬೇಕು. ನಮಗರ ಕಸೂತಿ ಕಲಸ್ಲಿಕ್ಕೆ ಅತ್ತಿ, ಅಬಚಿ ಇದ್ರು.

ಕಡೀಕ ಅವರಿಗೆ ಯಂತ್ರದ ಒಳಗು ಎಷ್ಟು ಗೊತ್ತಾಗಿತ್ತಂದ್ರ, ಎಲ್ಲೆ ಕೆಟ್ಟದ ಅಂತ ಹುಡುಕ್ತ ಹೋಗಿ ಸುಟ್ಟ ಒಂದೇ ಒಂದು ಕೊಳವಿಗೆ ಬೆರಳು ಇಟ್ಟು ತೋರಸ್ತಿದ್ರು.

1946ರ ಫೆಬ್ರವರಿ 15ಕ್ಕ ದೊಡ್ಡವರ ಮುಂದ ಪ್ರದರ್ಶನ. ಗುಂಡಿನ ದಾರಿಯ ಪ್ರೋಗ್ರಾಂ ಬೆಟ್ಟಿ ಮತ್ತ ಜೀನ್ ಮಾಡಿದ್ದು. ಹಿಂದಿನ ರಾತ್ರಿ ಒಂದು ಕುತ್ತು ಬಂತು. ಲೆಕ್ಕದಾಗ ಗುಂಡು ನೆಲಾ ಮುಟ್ಟಿದ ಮ್ಯಾಲೆ ನಿಲ್ಲಬೇಕಲ್ಲ, ಅದು ನೆಲದ ಒಳಗ ಹಂಗ ಇಳೀಲಿಕ್ಹತ್ತಿತು! ಇಬ್ಬರೂ ದಣದು ಮನಿಗೆ ಹೋದ್ರು. ಮಲಗಿ ಏಳೋದ್ರಾಗ ಬೆಟ್ಟಿಗೆ ಉತ್ತರ ಹೊಳದಿತ್ತು. ಮುಂಜಾನೆ ಬಂದು ಒಂದು ಸ್ವಿಚ್ಚು ತಿರುವಿದ್ಲು, ಸರಿ ಆತು. ಅವತ್ತು, ಹಾರಲಿಕ್ಕೆ 30 ಸೆಕೆಂಡ್ ಹಿಡಿಯೋ ಗುಂಡಿನ ದಾರಿಯನ್ನ ಯಂತ್ರ 20 ಸೆಕೆಂಡಿನಾಗ ಲೆಕ್ಕಾ ಹಾಕಿ ಮುಗಿಸಿತು. ರಾತ್ರಿ ದೊಡ್ಡ ಊಟದ ಸಮಾರಂಭ ಇತ್ತು. ಈ ಹುಡಿಗ್ಯಾರಿಗೆ ಕರೀನೇ ಇಲ್ಲ. ಥಂಡಿಯೊಳಗ ತಮ್ಮ ತಮ್ಮ ಮನಿಗೆ ಹೋದ್ರು.

ಬೆಟ್ಟಿ ಸ್ನೈಡರ್ ಕಾಲೇಜಿಗೆ ಸೇರಿದ ಮೊದಲನೇ ದಿನಾನ ಗಣಿತದ ಪ್ರೊಫೆಸರು, ನೀ ಮನ್ಯಾಗ ಮಕ್ಕಳನ್ನ ಆಡಿಸಿಕೊಂಡು ಇದ್ರ ಚಲೋ ಅಲ್ಲೇನು ಅನ್ನೋ ಅರ್ಥದಾಗ ಕೇಳಿದ್ರಂತ. ಆಕಿ ಗಣಿತ ಬಿಟ್ಟು ಪತ್ರಿಕೋದ್ಯಮ ಓದಿದ್ಲು. ಅದೇ ಬೆಟ್ಟಿ, ಮದುವಿ ಆದಮ್ಯಾಲೆ ಬೆಟ್ಟಿ ಹೋಲ್ಬರ್ಟನ್, ಮುಂದ ಯುನಿವ್ಯಾಕ್ ಕಂಪ್ಯೂಟರಿನ ಕೆಲಸ ಮಾಡಿದ್ಲು. ರಾಶಿ ಮಾಹಿತಿನ್ನ ತಾನ ಸಾಲಾಗಿ ಹೊಂದಿಸೋ ಪ್ರೋಗ್ರಾಂ ಬರದ್ಲು. ಕೋಬಾಲ್ ಭಾಷೆ ಕಟ್ಟೋದ್ರಾಗ, ಫೋರ್ಟ್ರಾನಿನ ನಿಯಮ ಗೊತ್ತುಮಾಡೋದ್ರಾಗ ಆಕಿ ಕೈ ಅದ. ಕೀಬೋರ್ಡಿನ ಬಾಜೂಕ ಅಂಕಿ ಗುಂಡಿ ಬ್ಯಾರೆ ಇರ್ತಾವಲ್ಲ, ಆ ವಿಚಾರನೂ ಆಕಿದೇ ಅಂತಾರ. ಬ್ಯಾಂಕಿನಾಗ ಕ್ಯಾಷಿಯರ್ ಬೆರಳು ಆಡಿಸೋದು ನೋಡಿದಾಗೆಲ್ಲ ನನಗ ಆಕಿ ನೆನಪಾಗ್ತಾಳ.

ಕೇ 1948ರಾಗ ಮಾಕ್ಲಿಯನ್ನ ಮದುವಿ ಆದ್ಲು, ನೌಕರಿ ಬಿಟ್ಲು. ಆತನ ಮೊದಲಿನ ಎರಡು ಮಕ್ಕಳು, ತನ್ನವು ಐದು. ಏಳು ಮಕ್ಕಳ ಮನಿ ನಡಸೋದಕ್ಕೂ ಯಾರೂ ದರ್ಜೆ ಹಚ್ಚೂದಿಲ್ಲ, ಇರಲಿ.

ಜೀನ್ ಮಿಸೌರಿಯ ಒಕ್ಕಲಿಗರ ಮನಿ ಹುಡುಗಿ. ಎನಿಯಾಕ್ ಆದಮ್ಯಾಲೂ ಪ್ರೋಗ್ರಾಂ ಬರಕೋತ ಬಂದಾಕಿ, 1951ರಾಗ ಮಕ್ಕಳ ಸಲುವಾಗಿ ಕೆಲಸ ಬಿಟ್ಲು. ಹದಿನಾರು ವರ್ಷ ಮನ್ಯಾಗ. ಅಷ್ಟರಾಗ ಕೊಳವಿ ಹೋಗಿ ಟ್ರಾನ್ಸಿಸ್ಟರ್ ಬಂದಿತ್ತು. 1967ರಾಗ ಹೊಳ್ಳಿ ಬಂದಾಕಿ ಕಂಪ್ಯೂಟರ್ ವರದಿಗಳ ಸಂಪಾದಕಿ ಆದ್ಲು, ಅಂದ್ರ ಬಿಟ್ಟುಹೋಗಿದ್ದನ್ನೆಲ್ಲ ಮತ್ತ ಓದಿ ಕಲೀಬೇಕಾತು. ಹದಿನಾರು ವರ್ಷದ ಮ್ಯಾಲೆ ಆ ಬಾಗಲಾ ಬಡಿಯೋದು ನನಗ ಎನಿಯಾಕ್ ಕಲತದ್ದಕ್ಕಿಂತ ದೊಡ್ಡದು ಅನಸ್ತದ.

1980ರ ದಶಕದಾಗ ಕ್ಯಾಥಿ ಕ್ಲೈಮನ್ ಅನ್ನೋ ವಿದ್ಯಾರ್ಥಿನಿ ಎನಿಯಾಕಿನ ಹಳೇ ಫೋಟೋ ನೋಡಿ, ಈ ಹೆಣಮಕ್ಕಳು ಯಾರು ಅಂತ ವಿಚಾರಿಸಿದ್ಲು. ಯಂತ್ರ ಚಂದ ಕಾಣಲಿ ಅಂತ ನಿಲ್ಲಿಸಿದ ಮಾಡೆಲ್ ಇರಬೇಕು, ಫ್ರಿಜ್ ಜಾಹೀರಾತಿನಾಗ ಇರ್ತಾರಲ್ಲ ಹಂಗ, ಅಂತ ಆಕಿಗೆ ಹೇಳಿದ್ರು. ಆಕಿ ನಂಬಲಿಲ್ಲ, ಹುಡುಕಿ ಹೋಗಿ ಮಾತಾಡಿಸಿದ್ಲು. 1997ರಾಗ ಆರೂ ಮಂದಿಗೆ ಸನ್ಮಾನ ಆತು. ಅದಕ್ಕಿಂತ ಮೊದಲ, 1985ರಾಗ, ಜೀನ್‌ಗ ನೌಕರಿ ಹೋಗಿತ್ತು. ಅರವತ್ತು ದಾಟಿದಾಕಿಗೆ ಕಂಪ್ಯೂಟರ್ ಕೆಲಸ ಯಾರೂ ಕೊಡಲಿಲ್ಲ. ಆಮ್ಯಾಲೆ ಆಕಿ ಇಪ್ಪತ್ತೈದು ವರ್ಷ ಮನಿ ಮಾರಿಸೋ ದಲಾಲಿ ಕೆಲಸ ಮಾಡಿದ್ಲು. ಮಿಸೌರಿಯೊಳಗ ಆಕಿ ಓದಿದ ಕಾಲೇಜಿನಾಗ ಈಗ ಆಕಿ ಹೆಸರಿನ ಕಂಪ್ಯೂಟರ್ ಮ್ಯೂಸಿಯಂ ಅದ.