ಆದೋನಿ ಗಡಿಯಲ್ಲಿ ಶಾಲೆ, ಗ್ರಂಥಾಲಯ ಮತ್ತು ಮಕ್ಕಳ ಓದು

ಆದೋನಿ, ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ, ಮಂತ್ರಾಲಯ ಇವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಮಂಡಲಗಳು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ ಮತ್ತು ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ತೆಲುಗು, ಕನ್ನಡ, ಉರ್ದು ಮೂರೂ ಇಲ್ಲಿ ಮನೆಮಾತುಗಳು. ಕಾಸರಗೋಡನ್ನು ಬಲ್ಲ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಡಿ ಹಳ್ಳಿಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಪಠ್ಯಪುಸ್ತಕವನ್ನು ಆಂಧ್ರ ಸರಕಾರವೇ ಕೊಡುತ್ತದೆ. ಆದರೆ ಕತೆ ಪುಸ್ತಕ ಸಿಗೋದು ಎಲ್ಲಿ? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಅನುದಾನವಿದೆ. ಪ್ರಾಥಮಿಕ ಶಾಲೆಗೆ ಬರೋದು ಅದರ ಕೆಳ ಮೊತ್ತ. ಊರಿನ ಗ್ರಂಥಾಲಯದ ದುಡ್ಡು ಬೇರೆ ದಾರಿಯದು. 1960ರ ಕಾಯ್ದೆಯಡಿ ಜಿಲ್ಲಾ ಗ್ರಂಥಾಲಯ ಸಂಸ್ಥೆ ಇದೆ, ಮನೆ ತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆ ಸೆಸ್ ಅದಕ್ಕೆ ಹೋಗುತ್ತದೆ. ಕನ್ನಡ, ಉರ್ದು ಓದುವ ಮನೆಯವರೂ ಇದನ್ನು ಕಟ್ಟುವವರೇ. ಹಾಗಾಗಿ ತಮ್ಮ ಭಾಷೆಯ ಮಕ್ಕಳ ಪುಸ್ತಕ ಕೇಳಿದರೆ ಅದು ದಾಕ್ಷಿಣ್ಯದ ಮಾತಲ್ಲ, ಹಕ್ಕು.

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಓದು ಕುಸಿದಾಗ, 2020ರ ನವೆಂಬರ್‌ನಲ್ಲಿ ಎರಡೂ ರಾಜ್ಯಗಳು ಅಭಿಯಾನ ಶುರು ಮಾಡಿದವು. ಆಂಧ್ರದ್ದು ‘ಚದವಡಂ ಮಾಕಿಷ್ಟಂ’, ಅಂದರೆ ಓದುವುದು ನಮಗಿಷ್ಟ. ಅದನ್ನು ನಡೆಸಿದ್ದು ಶಿಕ್ಷಣ ಇಲಾಖೆ. ಕರ್ನಾಟಕದ ‘ಓದುವ ಬೆಳಕು’ ಗ್ರಂಥಾಲಯದ ಕಡೆಯಿಂದ ಹೊರಟಿತು. ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿದ್ದವು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ ಅಂತ ಮಾಡಲಾಯಿತು. ಶಾಲೆಯಲ್ಲೇ ಹೆಸರು ಬರೆಸಿ, ಕಾರ್ಡ್ ಕೊಟ್ಟು, ಮಗು ಪುಸ್ತಕ ಮನೆಗೆ ಒಯ್ಯುವಂತೆ ಮಾಡೋದು ಇದರಲ್ಲಿ ಮುಖ್ಯ. ಬೀಗ ಹಾಕಿದ ಕಪಾಟಿನ ಪುಸ್ತಕ ಎಷ್ಟಿದ್ದರೇನು?

ಆದೋನಿ ಭಾಗಕ್ಕೆ ಇನ್ನೊಂದು ತೊಡಕಿದೆ, ವಲಸೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋದರೆ ಶಾಲೆ ತಿಂಗಳುಗಟ್ಟಲೆ ತಪ್ಪುತ್ತದೆ. ವಾಪಸ್ ಬಂದ ಮಗು ಅಕ್ಷರ ಕೂಡಿಸಲು ಮತ್ತೆ ಒದ್ದಾಡಬೇಕು. ಊರಲ್ಲೇ ಅಜ್ಜಿ ಜೊತೆ ಉಳಿಯುವ ಮಕ್ಕಳಿಗೆ ಸಂಜೆ ತೆರೆದಿರುವ ಗ್ರಂಥಾಲಯ ದೊಡ್ಡ ಆಸರೆ. ಹೊರಡುವ ಮಕ್ಕಳ ಚೀಲಕ್ಕೆ ನಾಲ್ಕು ತೆಳು ಪುಸ್ತಕ ಹಾಕಿ ಕಳಿಸೋದು ಮೇಷ್ಟ್ರು ಮತ್ತು ಗ್ರಂಥಪಾಲಕರು ಸೇರಿದರೆ ಆಗುವ ಕೆಲಸ. ಎರಡು ಪುಸ್ತಕ ಕಳೆದುಹೋದಾವು, ಹೋಗಲಿ ಬಿಡಿ.

ಪುಸ್ತಕದ ಕೊರತೆಗೂ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ತೆಲುಗು, ಉರ್ದು ಕತೆಗಳಿವೆ. ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಕೆಲವು ಕತೆಗಳು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಸಿಗುವುದರಿಂದ ಒಂದೇ ಬೆಂಚಿನ ಮಕ್ಕಳು ಒಂದೇ ಕತೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಓದಬಹುದು.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಲೆಯವರು ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದು ಹೆಸರು ಬರೆಸಲು ಒಳ್ಳೆಯ ಹೊತ್ತು.